ಭಾರತದ ಜೆರ್ಸಿಗೆ ಮೊದಲು ಜನನ ಪ್ರಮಾಣಪತ್ರ

ವಿಮಾ ಏಜೆಂಟನಿಗೆ ಮನುಷ್ಯನ ಹೆಸರಿಗಿಂತ ಅವನು ಹುಟ್ಟಿದ ದಿನಾಂಕ ಮುಖ್ಯ. ಪ್ರೀಮಿಯಂ ಲೆಕ್ಕ ನಿಂತಿರುವುದೇ ಅದರ ಮೇಲೆ. ಬಳ್ಳಾರಿ ನಗರದಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಪಾಲಿಸಿ ಮಾಡಿಸುತ್ತ ತಿರುಗುವ ನನಗೆ, ಈ ಕೆಲಸ ಹಿಡಿದ ಹೊಸದರಲ್ಲೇ ಗೊತ್ತಾದ ಸಂಗತಿಯೆಂದರೆ, ನಮ್ಮ ಕಡೆ ಲೆಕ್ಕವಿಲ್ಲದಷ್ಟು ಮಂದಿ ಜೂನ್ ಒಂದರಂದು ಹುಟ್ಟಿದವರು. ಗಂಡ ಜೂನ್ ಒಂದು, ಹೆಂಡತಿ ಜೂನ್ ಒಂದು, ಮೈದುನನೂ ಜೂನ್ ಒಂದು. ಶಾಲೆ ತೆರೆಯುವ ಹೊತ್ತಿಗೆ ಅಪ್ಪ ಮಗುವನ್ನು ಕರೆದುಕೊಂಡು ಹೋಗುತ್ತಿದ್ದ. ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳಿದರೆ ಯಾವುದೋ ಮಳೆಯ ಹೆಸರು ಹೇಳುತ್ತಿದ್ದ. ಅವರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿ, ವರ್ಷವನ್ನು ಅಂದಾಜು ಮಾಡಿ, ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಇದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿರಲಿಲ್ಲ. ಸರ್ಕಾರಿ ನೌಕರರಾದರೆ ಮೇ 31ಕ್ಕೆ ನಿವೃತ್ತರಾಗುತ್ತಿದ್ದರು, ಅಷ್ಟೆ.

ಅಕ್ಕನ ಮಗ ಫುಟ್‌ಬಾಲ್ ಆಡತೊಡಗಿದ ಮೇಲೆ ಆ ನಷ್ಟವನ್ನೂ ಕಂಡೆ.

ಅಕ್ಕನ ಮನೆ ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿಗೆ ಹತ್ತಿರದ ಹಳ್ಳಿ. ಭಾವ ಅದಿರು ಲಾರಿ ಓಡಿಸುತ್ತಾರೆ. ಆ ಸೀಮೆಯ ಹುಡುಗರು ಮೊದಲಿನಿಂದಲೂ ಕ್ರಿಕೆಟ್, ವಾಲಿಬಾಲ್, ಕಬಡ್ಡಿಯವರು. ಫುಟ್‌ಬಾಲ್ ಹುಚ್ಚು ಹತ್ತಿದ್ದು ಉಕ್ಕು ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ ಕಡೆಯಿಂದ. ಬೆಂಗಳೂರು ಎಫ್‌ಸಿ ತಂಡದ ಕಿರಿಯರ ವಸತಿ ಅಕಾಡೆಮಿ ಕೆಲವು ವರ್ಷ ಅಲ್ಲಿತ್ತು. 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಅಲ್ಲೇ ಬಾಗಿಲು ತೆರೆಯಿತು. ಈಶಾನ್ಯ ರಾಜ್ಯಗಳ ಹುಡುಗರು ಹಸಿರು ಮೈದಾನದಲ್ಲಿ ಅಭ್ಯಾಸ ಮಾಡುವುದನ್ನು ನಮ್ಮ ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನಮ್ಮವನು ನೋಡಿದ್ದನ್ನು ಮನೆಗೆ ಬಂದು ಮಾಡಿ ನೋಡುವ ಜಾತಿ. ಹುಟ್ಟಾ ಎಡಚ. ಅನ್ನ ಮಾತ್ರ ಅಜ್ಜಿಯ ಗದರಿಕೆಗೆ ಬಲಗೈಯಲ್ಲಿ ಉಣ್ಣುತ್ತಿದ್ದ. ಚೆಂಡನ್ನು ಎಡಗಾಲಿನಲ್ಲೇ ಒದೆಯುತ್ತಿದ್ದ. ಅವನ ಕಾಲುಚೀಲ ಎಷ್ಟು ತೊಳೆದರೂ ಅದಿರಿನ ಕೆಂಪು ಬಿಡುತ್ತಿರಲಿಲ್ಲ ಎಂಬುದು ಅಕ್ಕನ ನಿತ್ಯದ ದೂರು.

2019ರ ಬೇಸಿಗೆಯಲ್ಲಿ ಹೊರ ಜಿಲ್ಲೆಯ ಒಂದು ವಸತಿ ಅಕಾಡೆಮಿಯವರು ಹದಿನೈದರೊಳಗಿನವರ ಆಯ್ಕೆ ನಡೆಸಿದರು. ಎಡಬದಿಯ ರಕ್ಷಣೆಗೆ ನಿಲ್ಲುವ ಎಡಗಾಲಿನ ಲೆಫ್ಟ್ ಬ್ಯಾಕ್ ಆಟಗಾರರು ಸುಲಭಕ್ಕೆ ಸಿಗುವುದಿಲ್ಲವಂತೆ. ಹುಡುಗನನ್ನು ಆರಿಸಿಕೊಂಡರು. ಆಮೇಲೆ ಕೈಗೆ ಒಂದು ಪಟ್ಟಿ ಕೊಟ್ಟರು: ಜನನ ಪ್ರಮಾಣಪತ್ರ, ಆಧಾರ್, ವ್ಯಾಸಂಗ ಪ್ರಮಾಣಪತ್ರ, ಸಾಧ್ಯವಾದರೆ ಪಾಸ್‌ಪೋರ್ಟ್. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿಯಲ್ಲಿ ಆಟಗಾರನ ಹೆಸರು ಸೇರಬೇಕು. ಸೇರದಿದ್ದರೆ ಅಧಿಕೃತ ಲೀಗ್‌ನಲ್ಲಿ ಆಡುವಂತಿಲ್ಲ. ಲೀಗ್‌ನಲ್ಲಿ ಆಡದವನು ರಾಷ್ಟ್ರೀಯ ತಂಡದ ಆಯ್ಕೆಗಾರರ ಕಣ್ಣಿಗೆ ಬೀಳುವುದಿಲ್ಲ. ಆ ವರ್ಷದ ಹದಿನೈದರೊಳಗಿನವರ ಗುಂಪಿಗೆ 2005ರ ಜನವರಿ 1 ಗೆರೆ. ಅಂದು ಅಥವಾ ಅನಂತರ ಹುಟ್ಟಿದವರು ಒಳಗೆ, ಹಿಂದಿನ ದಿನ ಹುಟ್ಟಿದವನೂ ಹೊರಗೆ.

ಹುಡುಗನ ಶಾಲಾ ದಾಖಲೆಯಲ್ಲಿ ಇದ್ದದ್ದು 01-06-2004. ಆಧಾರ್‌ನಲ್ಲಿ ಇನ್ನೂ ಅಂದ, 01-01-2004. ಜನನ ಪ್ರಮಾಣಪತ್ರ ಇರಲೇ ಇಲ್ಲ.

ಏಳು ತಿಂಗಳ ವ್ಯತ್ಯಾಸ ತಾನೇ, ಮುಂದಿನ ವರ್ಷ ಬೇರೆ ಗುಂಪಿನಲ್ಲಿ ಆಡಲಿ ಎಂದು ಭಾವ ಅಂದರು. ಲೆಕ್ಕ ಅಷ್ಟು ಸರಳವಲ್ಲ ಎಂದು ಅಕಾಡೆಮಿಯ ತರಬೇತುದಾರರು ಬಿಡಿಸಿ ಹೇಳಿದರು. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕಿರಿಯರ ಟೂರ್ನಿಗಳು ಆಗ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದವು. ಪ್ರತಿ ಟೂರ್ನಿಗೂ ಒಂದು ಜನವರಿ 1 ಗೆರೆಯಾಗಿರುತ್ತದೆ. ನಮ್ಮಲ್ಲಿ ನಡೆದ 2017ರ ಹದಿನೇಳರೊಳಗಿನವರ ವಿಶ್ವಕಪ್‌ಗೆ 2000ದ ಜನವರಿ 1 ಗೆರೆಯಾಗಿತ್ತು. ದೇಶದ ತಂಡವನ್ನೂ ಆ ಗೆರೆ ನೋಡಿಯೇ ಕಟ್ಟುತ್ತಾರೆ. ಇಪ್ಪತ್ತರೊಳಗಿನವರ 2025ರ ಏಷ್ಯಾ ಕಪ್‌ಗೆ ಗೆರೆ 2005ರ ಜನವರಿ 1. ಅದೇ ವರ್ಷದ ಫೆಬ್ರವರಿಯಲ್ಲಿ ಹುಟ್ಟಿದವನು ಆ ಗುಂಪಿನ ಹಿರಿಯರಲ್ಲಿ ಒಬ್ಬ. ಮೈ ಬಲಿತಿರುತ್ತದೆ, ಆಟ ಪಳಗಿರುತ್ತದೆ. 2004ರ ಜೂನ್‌ನವನಾದರೆ ಅವನು ಅದರ ಹಿಂದಿನ ಗುಂಪಿಗೆ ಬಿದ್ದು, 2003ರಲ್ಲಿ ಹುಟ್ಟಿದವರ ಜೊತೆ ಗುದ್ದಾಡಬೇಕು. ಕಾಗದದ ಮೇಲಿನ ಕೆಲವು ತಿಂಗಳು ದೇಶದ ತಂಡದ ಬಾಗಿಲಲ್ಲಿ ಎರಡು ವರ್ಷವಾಗುತ್ತದೆ.

ಹುಡುಗ ನಿಜಕ್ಕೂ ಹುಟ್ಟಿದ್ದು 2005ರ ಫೆಬ್ರವರಿ ಕೊನೆಯ ವಾರ. ಇದು ನನಗೆ ಯಾರೋ ಹೇಳಿದ ಮಾತಲ್ಲ. ಅಕ್ಕನಿಗೆ ಮೊದಲ ಹೆರಿಗೆ, ತವರಿಗೆ ಬಂದಿದ್ದಳು. ನಮ್ಮ ತವರೂರು ಹೂವಿನಹಡಗಲಿ ತಾಲ್ಲೂಕು, ಮೈಲಾರಕ್ಕೆ ಹತ್ತಿರ. ಭರತ ಹುಣ್ಣಿಮೆ ಕಳೆದು, ಮೈಲಾರ ಜಾತ್ರೆಯಲ್ಲಿ ಭವಿಷ್ಯ ನುಡಿಯುವ ಕಾರಣಿಕದ ದಿನ, ಅದು ನಡೆಯುವ ಡೆಂಕನಮರಡಿಗೆ ನಾನೂ ಹೋಗಿದ್ದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದದ್ದು ಕೇಳಿಸಿತು; ಆಮೇಲೆ ನುಡಿದದ್ದು ಏನೆಂದು ನಾನು ನಿಂತಿದ್ದ ಮೂಲೆಗೆ ಮುಟ್ಟಲಿಲ್ಲ. ಅಕ್ಕಪಕ್ಕದವರು ಹತ್ತು ಬಗೆಯಾಗಿ ಹೇಳಿದರು. ಮನೆಗೆ ಬರುವಷ್ಟರಲ್ಲಿ ಅಕ್ಕನಿಗೆ ನೋವು ಕಾಣಿಸಿಕೊಂಡಿತ್ತು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದೇ 2008ರಲ್ಲಿ. ಆಗ ಹಳ್ಳಿಯಲ್ಲಿ ನೋವು ಬಂದರೆ ಕರೆಯುತ್ತಿದ್ದದ್ದು ಸೂಲಗಿತ್ತಿಯನ್ನೇ. ಬೆಳಗಿನ ಜಾವ ಗಂಡು ಕೂಸು ಹುಟ್ಟಿತು. ಹಳ್ಳಿಯಲ್ಲಿ ಜನನ ನೋಂದಣಿ ಮಾಡುತ್ತಿದ್ದ ಗ್ರಾಮ ಲೆಕ್ಕಾಧಿಕಾರಿಯ ಬಳಿಗೆ ಯಾರೂ ಹೋಗಲಿಲ್ಲ. ಹೋಗಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಹಾಗಾದರೆ 2004ರ ಜೂನ್ ಎಲ್ಲಿಂದ ಬಂತು? ಒಂದನೇ ತರಗತಿಗೆ ಸೇರಲು ಐದು ವರ್ಷ ಹತ್ತು ತಿಂಗಳು ತುಂಬಿರಬೇಕು ಎಂಬ ನಿಯಮವಿತ್ತು. 2010ರ ಜೂನ್‌ನಲ್ಲಿ ಹುಡುಗನಿಗೆ ಐದು ವರ್ಷ ಮೂರು ತಿಂಗಳು. ಅವನು ಮನೆಯಲ್ಲಿದ್ದರೆ ಅಕ್ಕ ಕೂಲಿಗೆ ಹೋಗುವ ಹಾಗಿಲ್ಲ. ಭಾವ ಹೋಗಿ ಕೈಮುಗಿದರು. ಮಾಸ್ತರರು ಕರುಣೆಯಿಂದ ಒಂದು ವರ್ಷ ಹಿಂದೆ ಸರಿಸಿ, ವಾಡಿಕೆಯ ಜೂನ್ ಒಂದನ್ನು ಬರೆದುಕೊಂಡರು. ಆ ಕರುಣೆಗೆ ನಾನು ಇಂದಿಗೂ ಬೈಯಲಾರೆ.

ಕಷ್ಟ ಇದ್ದದ್ದು ಬೇರೆ ಕಡೆ. ಕಿರಿಯರ ಕ್ರೀಡೆಯಲ್ಲಿ ವಯಸ್ಸು ಇಳಿಸುವುದು ದೇಶದುದ್ದಕ್ಕೂ ಇರುವ ಹಳೆಯ ರೋಗ. ಹದಿನೇಳು ದಾಟಿದವನು ಹದಿನೈದರ ಗುಂಪಿನಲ್ಲಿ ನುಗ್ಗಿ ಗೋಲು ಹೊಡೆಯುತ್ತಾನೆ, ಕಪ್ಪು ಎತ್ತುತ್ತಾನೆ. ಹೀಗೆ ಇಳಿಸುವವರು ಹಿಡಿಯುವ ದಾರಿಯೂ ಒಂದೇ: ಹುಟ್ಟಿದಾಗ ನೋಂದಣಿ ಆಗಿರಲಿಲ್ಲ, ಈಗ ತಡವಾಗಿ ಮಾಡಿಸಿದ್ದೇವೆ, ಇಗೋ ಪತ್ರ. ನಾವು ಹೇಳಬೇಕಾಗಿದ್ದದ್ದೂ ಅಕ್ಷರಶಃ ಅದನ್ನೇ. ಅಕಾಡೆಮಿಯ ಕಚೇರಿಯಲ್ಲಿ ಕುಳಿತಿದ್ದವರು ನನ್ನ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡು, ಕೊನೆಗೆ ‘ಎಲ್ಲ ಮಾವಂದಿರೂ ಹೀಗೆಯೇ ಹೇಳುತ್ತಾರೆ ಸರ್’ ಎಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನೆದುರು ಕುಳಿತು ವಯಸ್ಸು ಕಡಿಮೆ ಹೇಳುವ ಗ್ರಾಹಕರನ್ನು ನಾನೂ ಅದೇ ಕಣ್ಣಿನಲ್ಲಿ ನೋಡಿದ್ದೇನೆ. ‘ನೀವು ನಮ್ಮನ್ನು ನಂಬಬೇಡಿ, ಕೋರ್ಟು ಹೇಳಿದರೆ ನಂಬಿ’ ಎಂದು ಹೇಳಿ ಎದ್ದು ಬಂದೆ. ಅವರು ಜಾಗವನ್ನು ಡಿಸೆಂಬರ್‌ವರೆಗೆ ಕಾಯ್ದಿಡಲು ಒಪ್ಪಿದರು. ಅಷ್ಟು ಮಾಡಿದ್ದು ಅವರ ದೊಡ್ಡತನ.

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹುಟ್ಟಿದ 21 ದಿನಗಳೊಳಗೆ ತಿಳಿಸಿದರೆ ಖರ್ಚಿಲ್ಲ. 30 ದಿನಗಳವರೆಗೆ ತಡವಾದ ಶುಲ್ಕ ಕಟ್ಟಬೇಕು. ಒಂದು ವರ್ಷದೊಳಗಾದರೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೋ, ಆಗಿನ ನಿಯಮದಂತೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. 2023ರ ತಿದ್ದುಪಡಿ ಬಂದ ಮೇಲೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟರ ಕಡೆಗೆ ಹೋಗಿದೆ. ನಮ್ಮ ಕಾಲಕ್ಕೆ ಕೋರ್ಟೇ ಗತಿ. ಹುಟ್ಟಿದ ಊರು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೇ ಹೋಗಬೇಕು. ಹೀಗಾಗಿ ಹೂವಿನಹಡಗಲಿ. ಶಾಲಾ ದಾಖಲೆ ತಿದ್ದಿಸಲು ಬೇರೆ ಸಿವಿಲ್ ದಾವೆ, ಅದು ಸಂಡೂರಿನಲ್ಲಿ. ಒಂದೇ ಹುಡುಗ, ಎರಡು ಕೋರ್ಟು, ನಡುವೆ ಬಳ್ಳಾರಿಯಲ್ಲಿ ನನ್ನ ಹೊಟ್ಟೆಪಾಡು.

ಮೊದಲು, ಆ ವರ್ಷದ ಜನನ ವಹಿಯಲ್ಲಿ ಈ ಹೆಸರಿಲ್ಲ ಎಂಬ ದೃಢೀಕರಣ ತರಬೇಕು. ಇಲ್ಲದ್ದನ್ನು ಇಲ್ಲ ಎಂದು ಬರೆದುಕೊಡಲು ಕಚೇರಿಗಳು ಹಿಡಿಯುವ ಸಮಯದ ಬಗ್ಗೆ ಬರೆಯಹೊರಟರೆ ಈ ಲೇಖನ ಅಲ್ಲೇ ನಿಂತುಬಿಡುತ್ತದೆ. ಅದು ಕೈಗೆ ಬಂದ ಮೇಲೆ ವಕೀಲರು ಸಾಕ್ಷ್ಯ ಕೇಳಿದರು. ಊರಿನ ಅಂಗನವಾಡಿ ಕಾರ್ಯಕರ್ತೆ ಹಳೆಯ ವಹಿಗಳನ್ನು ಬೇಳೆಯ ಚೀಲದ ಹಿಂದೆ ಗೋಣಿತಾಟಿನಲ್ಲಿ ಸುತ್ತಿ ಇಟ್ಟಿದ್ದರು. ಅಂಚು ಗೆದ್ದಲು ತಿಂದಿತ್ತು, ನಡುವಿನ ಹಾಳೆಗಳು ಉಳಿದಿದ್ದವು. 2005ರ ಮಾರ್ಚ್ ತಿಂಗಳ ಪುಟದಲ್ಲಿ ನೀಲಿ ಶಾಯಿಯಲ್ಲಿ ಅಕ್ಕನ ಹೆಸರು, ಮುಂದೆ ‘ಬಾಣಂತಿ’, ಅದರ ಮುಂದೆ ‘ಗಂಡು’, ತೂಕದ ಕಾಲಂನಲ್ಲಿ ಒಂದು ಅಡ್ಡಗೆರೆ. ತಕ್ಕಡಿ ಕೆಟ್ಟಿತ್ತಂತೆ. ಮಗುವಿನ ಹೆಸರು ಇರಲಿಲ್ಲ, ಇಟ್ಟಿರಲೂ ಇಲ್ಲ. ಕಾರಣಿಕದ ಸುದ್ದಿ ಅಚ್ಚಾದ ಆ ವರ್ಷದ ಪತ್ರಿಕೆಯ ಪುಟವನ್ನು ಪರಿಚಯದ ಪತ್ರಕರ್ತರೊಬ್ಬರು ನಕಲು ಮಾಡಿಸಿಕೊಟ್ಟರು. ಅದರಿಂದ ದಿನ ಗಟ್ಟಿಯಾಯಿತು.

ವಕೀಲರು ಮಾತ್ರ ಇನ್ನೂ ತಲೆ ಅಲ್ಲಾಡಿಸುತ್ತಿದ್ದರು. ಅಂಗನವಾಡಿ ಪುಸ್ತಕದ ಗಂಡು ಕೂಸು ಇದೇ ಹುಡುಗ ಎನ್ನುವುದಕ್ಕೆ ಏನು ಆಧಾರ? ಇವನಿಗೆ ಮೊದಲು ಹುಟ್ಟಿದ ಅಣ್ಣನೊಬ್ಬ ಇದ್ದಿದ್ದರೆ? ಆಗ ನನ್ನ ಅವ್ವ ಒಳಗಿನಿಂದ ಬಂದು, ‘ಮೊದಲಿನವನು ಎಲ್ಲಿಂದ ಬರುತ್ತಾನೆ? ಮದುವೆಯಾದದ್ದೇ ಅದರ ಹಿಂದಿನ ವರ್ಷದ ಬಸವ ಜಯಂತಿ ಮುಗಿದ ಮೇಲೆ’ ಎಂದಳು. ಟ್ರಂಕಿನ ತಳದಿಂದ ಲಗ್ನಪತ್ರಿಕೆ ಹೊರಬಂತು. ನಾಲ್ಕು ಮೂಲೆಗೂ ಅರಿಶಿನ, ಮೇಲೆ ಗಣಪತಿ, ಕೆಳಗೆ ‘ಉಡುಗೊರೆ ಸ್ವೀಕರಿಸಲಾಗುವುದಿಲ್ಲ’, ನಡುವೆ ದಪ್ಪ ಅಕ್ಷರಗಳಲ್ಲಿ 2004ರ ತಾರೀಖು. ವಕೀಲರು ಶಾಲಾ ದಾಖಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಶಾಲೆಯ ಪ್ರಕಾರ, ಮದುವೆಯ ಊಟದ ಹಂದರ ಬಿಚ್ಚಿ ಒಂದು ತಿಂಗಳಾಗುವಷ್ಟರಲ್ಲಿ ಅಕ್ಕ ಹಡೆದಿದ್ದಾಳೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಈ ಸಂಗತಿ ಅವ್ವನಿಗೆ ಅರ್ಥವಾದದ್ದೇ ತಡ, ಫುಟ್‌ಬಾಲ್ ಏನೆಂದು ತಿಳಿಯದ ಆಕೆ ಮನೆತನದ ಮಾನಕ್ಕಾಗಿ ಕೋರ್ಟಿಗೆ ತಾನೂ ಬರುವುದಾಗಿ ಹಟ ಹಿಡಿದಳು. ವಕೀಲರು ಲಗ್ನಪತ್ರಿಕೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಕೊಂಡು, ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಇಂಥ ಸಾಕ್ಷ್ಯ ಸಿಕ್ಕಿರಲಿಲ್ಲ ಎಂದರು.

ವಿಚಾರಣೆಯ ದಿನ ನ್ಯಾಯಾಲಯದ ಜಗಲಿಯಲ್ಲಿ ನಮ್ಮ ಸರದಿಗೆ ಕಾಯುತ್ತ ಕುಳಿತಿದ್ದಾಗ ಭಾವ ಕೇಳಿದರು: ‘ಇಷ್ಟೆಲ್ಲ ಮಾಡುತ್ತಿದ್ದೇವಲ್ಲ, ನಮ್ಮ ಕಡೆಯವರು ಯಾರಾದರೂ ಭಾರತಕ್ಕೆ ಫುಟ್‌ಬಾಲ್ ಆಡಿದ್ದಾರೆಯೇ?’ ನಾನು ಹೇಳಬಲ್ಲ ಹೆಸರುಗಳೆಲ್ಲ ಬೆಂಗಳೂರಿನವೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಗೋಲ್‌ಕೀಪರ್ ವರದರಾಜ್, ಭಾರತ ನಾಲ್ಕನೇ ಸ್ಥಾನಕ್ಕೆ ಬಂದ 1956ರ ಮೆಲ್ಬರ್ನ್ ತಂಡದ ಕೆಂಪಯ್ಯ, ತೊಂಬತ್ತರ ದಶಕದ ನಾಯಕ ಕಾರ್ಲ್‌ಟನ್ ಚಾಪ್‌ಮನ್. ಲಂಡನ್ನಿನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು, ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಆ ಪಂದ್ಯ ನಮ್ಮದಾಗುತ್ತಿತ್ತು ಎಂದೂ ಹೇಳಿದೆ. ಭಾವ ಎಲ್ಲವನ್ನೂ ಕೇಳಿ, ‘ಅವರ ಜನನ ಪತ್ರವನ್ನು ಯಾರು ನೋಡಿದ್ದರು?’ ಎಂದರು. ಲಾರಿ ಓಡಿಸುವವರಿಗೆ ಕಾಗದಪತ್ರದ ಬಗ್ಗೆ ಒಂದು ಬಗೆಯ ಕಹಿ ಇರುತ್ತದೆ.

ಸೂಲಗಿತ್ತಿ ಅಜ್ಜಿಗೆ ಎಂಬತ್ತರ ಆಸುಪಾಸು. ಸಾಕ್ಷಿಕಟ್ಟೆಯ ಮರದ ಕಟಕಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನಿಂತಳು. ಮಗು ಯಾವಾಗ ಹುಟ್ಟಿತು ಎಂದರೆ ಕಾರಣಿಕದ ಮರುದಿನ ಬೆಳಗಿನ ಜಾವ ಎಂದಳು. ಅಷ್ಟು ನೆನಪು ಹೇಗೆ, ನೀವು ನೂರಾರು ಹೆರಿಗೆ ಮಾಡಿಸಿದವರಲ್ಲವೇ ಎಂದು ಮ್ಯಾಜಿಸ್ಟ್ರೇಟರು ಸೌಮ್ಯವಾಗಿ ಕೇಳಿದರು. ‘ನಾನೂ ಕಾರಣಿಕ ಕೇಳಲು ಹೋಗಿದ್ದೆ ಸ್ವಾಮಿ. ನಡೆದು ಬಂದು ಆಗಷ್ಟೇ ಕಾಲು ಚಾಚಿದ್ದೆ. ಈ ಹುಡುಗ ನಿಂತಿದ್ದಾನಲ್ಲ, ಇವನೇ ಬಂದು ಎಬ್ಬಿಸಿದ್ದು’ ಎಂದು ನನ್ನತ್ತ ಕೈ ತೋರಿಸಿದಳು. ನನಗೆ ಆಗಲೇ ತಲೆ ಅರ್ಧ ನರೆತಿತ್ತು. ಮ್ಯಾಜಿಸ್ಟ್ರೇಟರು ಲಗ್ನಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಶಾಲಾ ದಾಖಲೆಯನ್ನು ನೋಡಿದರು, ತುಟಿಯಂಚಿನಲ್ಲಿ ಬಂದ ನಗೆಯನ್ನು ತಡೆದುಕೊಂಡು ಏನನ್ನೋ ಬರೆದುಕೊಂಡರು. ದಸರಾ ರಜೆ ಮುಗಿದ ಮೇಲೆ ಆದೇಶ ಬಂತು. ತಹಶೀಲ್ದಾರ್ ಕಚೇರಿಗೆ ಅದು ತಲುಪಿ, ನಮೂದಾಗಿ, ಹುಡುಗ ತನ್ನ ಹದಿನೈದನೆಯ ವರ್ಷದಲ್ಲಿ ಅಧಿಕೃತವಾಗಿ ಹುಟ್ಟಿದ.

ಇದರ ಮುಂದಿನ ಹೆಜ್ಜೆಗಳಿಗೆ ಒಂದು ಕ್ರಮವಿದೆ, ತಪ್ಪಿದರೆ ಪರದಾಟ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಆದ್ದರಿಂದ ಜನನ ಪತ್ರ ಕೈಗೆ ಬರುವ ಮೊದಲು ಅದನ್ನು ಮುಟ್ಟಬಾರದು. ಶಾಲೆಯದ್ದು ಇನ್ನೂ ನಾಜೂಕು. ಹುಡುಗ ಆ ವರ್ಷ ಹತ್ತನೇ ತರಗತಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ದಿನಾಂಕ ಬ್ರಹ್ಮಲಿಪಿ ಇದ್ದ ಹಾಗೆ. ಮಂಡಳಿಗೆ ಹೆಸರು ಹೋಗುವುದರೊಳಗೆ ತಿದ್ದುಪಡಿ ಆಗಬೇಕು. ಸಂಡೂರಿನ ದಾವೆ ಕೂದಲೆಳೆಯ ಅಂತರದಲ್ಲಿ ಇತ್ಯರ್ಥವಾಯಿತು. ಹೆಡ್‌ಮಾಸ್ತರರು ದಾಖಲಾತಿ ವಹಿಯಲ್ಲಿ ಹಳೆಯ ದಿನಾಂಕಕ್ಕೆ ಕೆಂಪು ಗೆರೆ ಎಳೆದು, ಆದೇಶದ ಸಂಖ್ಯೆ ಬರೆದು, ಸಹಿ ಹಾಕಿದರು. ಪಾಸ್‌ಪೋರ್ಟ್ ಕೊನೆಗೆ. ಭಾರತದ ತಂಡದಲ್ಲಿ ಆಡಲು ಭಾರತದ ಪಾಸ್‌ಪೋರ್ಟೇ ಬೇಕು, ಬೇರೆ ದೇಶದ ಪೌರರಾಗಿರುವ ಭಾರತ ಮೂಲದವರಿಗೂ ರಿಯಾಯಿತಿ ಇಲ್ಲ. ಜಪಾನಿನಲ್ಲಿ ಹುಟ್ಟಿದ ಅರಾಟಾ ಇಜುಮಿ ಅಲ್ಲಿನ ಪೌರತ್ವ ಬಿಟ್ಟುಕೊಟ್ಟ ಮೇಲೆಯೇ 2013ರಲ್ಲಿ ನಮ್ಮ ತಂಡಕ್ಕೆ ಆಡಿದ್ದು.

ಇಷ್ಟಾದರೂ ಅಕಾಡೆಮಿಯವರು ಪತ್ರ ನೋಡಿ, ‘ಸರಿ, ಇನ್ನು ಮೂಳೆ ಪರೀಕ್ಷೆ’ ಎಂದರು. ನಮ್ಮ ಕಿರಿಯರ ಲೀಗ್‌ಗಳಲ್ಲಿ ಟಿಡಬ್ಲ್ಯು3 ಎಂಬ ವಿಧಾನ ಬಳಕೆಯಲ್ಲಿದೆ. ಎಡಗೈಯ ಮಣಿಕಟ್ಟು ಮತ್ತು ಬೆರಳುಗಳ ಎಕ್ಸ್‌ರೇ ತೆಗೆದು, ಮುಂಗೈಯ ಎರಡು ಮೂಳೆಗಳ ತುದಿ ಮತ್ತು ಬೆರಳುಗಳ ಸಣ್ಣ ಮೂಳೆಗಳು, ಒಟ್ಟು ಹದಿಮೂರು, ಎಷ್ಟು ಬಲಿತಿವೆ ಎಂದು ಒಂದೊಂದಕ್ಕೂ ಅಂಕ ಕೊಡುತ್ತಾರೆ. ಕೂಡಿಸಿದರೆ ಮೂಳೆಯ ವಯಸ್ಸು ಬರುತ್ತದೆ. ಹುಡುಗರಲ್ಲಿ ಇದರ ಬಗ್ಗೆ ಪುರಾಣಗಳಿದ್ದವು. ಹಿಂದಿನ ರಾತ್ರಿ ಹಾಲು ಕುಡಿಯಬಾರದು, ಕೈಯನ್ನು ತಣ್ಣೀರಿನಲ್ಲಿ ಇಟ್ಟುಕೊಂಡಿರಬೇಕು, ಹೀಗೆ ಏನೇನೋ. ನಿಜವಾಗಿಯೂ ಹದಿನಾಲ್ಕು ವರ್ಷದವನಾದ ನಮ್ಮ ಹುಡುಗ ಆ ರಾತ್ರಿ ಹಾಲು ಬೇಡವೆಂದ. ನಾನು ಗದರಿ ಕುಡಿಸಿದೆ.

ಚಿತ್ರ ತೆಗೆದ ಮೇಲೆ ತಜ್ಞರು ಬೆಳಕಿನ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿ ನನ್ನನ್ನು ಹತ್ತಿರ ಕರೆದರು. ಮಣಿಕಟ್ಟಿನ ಮೇಲೆ, ಮೂಳೆಗೂ ಅದರ ತುದಿಯ ಬಿಲ್ಲೆಗೂ ನಡುವೆ, ಕಪ್ಪು ಗೆರೆಯೊಂದು ಅಡ್ಡಲಾಗಿ ಓಡಿತ್ತು. ಇದು ಬೆಳೆಯುವ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ಕಪ್ಪಾಗಿದೆ, ಬೆಳವಣಿಗೆ ಮುಗಿದಾಗ ಇದು ಮುಚ್ಚಿ ಎರಡೂ ಒಂದಾಗುತ್ತವೆ ಎಂದರು. ನಮ್ಮವನ ಗೆರೆ ಅಗಲವಾಗಿ, ಅಚ್ಚುಕಟ್ಟಾಗಿ ತೆರೆದುಕೊಂಡಿತ್ತು. ಅವನಿಗೆ ಎತ್ತರ ಬೆಳೆಯಲು ಇನ್ನೂ ಅವಕಾಶವಿದೆ ಎಂದೂ ಹೇಳಿದರು. ಅದನ್ನು ಕೇಳಿದ ಮೇಲೆಯೇ ಹುಡುಗ ನಕ್ಕದ್ದು. ಅವನಿಗೆ ವಯಸ್ಸಿಗಿಂತ ಎತ್ತರದ ಚಿಂತೆ ಹೆಚ್ಚಾಗಿತ್ತು.

ಈ ಪರೀಕ್ಷೆಯನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಮೂಳೆ ಫೆಬ್ರವರಿಯನ್ನೂ ಜೂನ್ ತಿಂಗಳನ್ನೂ ಬೇರೆ ಮಾಡಿ ತೋರಿಸಲಾರದು. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬನ ಮೂಳೆ ವರ್ಷದಷ್ಟು ಮುಂದಿರಬಹುದು. ಬೇಗ ಬಲಿಯುವ ಮೈಯವನು ಸತ್ಯವಂತನಾಗಿದ್ದರೂ ಅಲ್ಲಿ ಬಿದ್ದುಹೋಗುತ್ತಾನೆ. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಹುಡುಗನಿಗೆ ಹಾಗೆಯೇ ಆಯಿತು. ಅವನ ಬಳಿ ಆಸ್ಪತ್ರೆಯ ಜನನ ಪತ್ರವೇ ಇತ್ತು. ಅವನ ತಂದೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಫಿಫಾ ಹದಿನೇಳರೊಳಗಿನ ಹುಡುಗರ ವಿಶ್ವಕಪ್‌ಗೆ 2009ರಿಂದ ಎಕ್ಸ್‌ರೇ ಬದಲು ಎಂಆರ್‌ಐ ಬಳಸುತ್ತದೆ. ಕಾಯಿಲೆಯಿಲ್ಲದ ಮಕ್ಕಳ ಮೇಲೆ ವಿಕಿರಣ ಹಾಯಿಸಬಾರದು ಎನ್ನುವುದು ಒಂದು ಕಾರಣ. ಗೆರೆ ಸಂಪೂರ್ಣ ಮುಚ್ಚಿದ್ದರೆ ಮಾತ್ರ ಅಲ್ಲಿ ಅನುಮಾನ. ನನಗೆ ಆ ಅಳತೆಯೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ, ಆದರೆ ಅದರ ಖರ್ಚನ್ನು ಸಣ್ಣ ಲೀಗ್‌ಗಳಲ್ಲಿ ಭರಿಸುವವರು ಯಾರು?

ಹುಡುಗನ ಹೆಸರು ನೋಂದಣಿಯಾಯಿತು. ಆ ಚಳಿಗಾಲದಲ್ಲಿ ಕೆಲವು ಪಂದ್ಯಗಳನ್ನು ಆಡಿದ, ಚೆನ್ನಾಗಿಯೇ ಆಡಿದ. ಆಯ್ಕೆಗಾರರೊಬ್ಬರು ಹೆಸರು ಬರೆದುಕೊಂಡು ಹೋದರಂತೆ. ಮಾರ್ಚ್ 2020ಕ್ಕೆ ಎಲ್ಲ ನಿಂತಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಜೂನ್ ಕೊನೆಯಲ್ಲಿ ಮಾಸ್ಕ್ ಹಾಕಿಕೊಂಡು ಬರೆದ. ಭಾರತ ಅರ್ಹತೆ ಗಳಿಸಿದ್ದ ಹದಿನಾರರೊಳಗಿನವರ ಏಷ್ಯಾ ಟೂರ್ನಿ ಮುಂದಕ್ಕೆ ಹೋಗಿ ಹೋಗಿ ರದ್ದಾಯಿತು. 2021ರ ಹದಿನೇಳರೊಳಗಿನವರ ಮತ್ತು ಇಪ್ಪತ್ತರೊಳಗಿನವರ ವಿಶ್ವಕಪ್‌ಗಳನ್ನೂ ಫಿಫಾ ಕೈಬಿಟ್ಟಿತು. ಎರಡು ಕೋರ್ಟು ಸುತ್ತಿ ನಾವು ಗೆದ್ದುಕೊಂಡಿದ್ದ ವರ್ಷಗಳನ್ನು ಕೊರೊನಾ ಯಾವ ವಿಚಾರಣೆಯೂ ಇಲ್ಲದೆ ತಿಂದುಹಾಕಿತು. ಹುಡುಗ ಹಳ್ಳಿಯಲ್ಲಿ ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಒದೆಯುತ್ತ ಆ ಕಾಲ ಕಳೆದ.

2023ರ ಜೂನ್ 21ರಂದು ದಕ್ಷಿಣ ಏಷ್ಯಾದ ತಂಡಗಳ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ-ಪಾಕಿಸ್ತಾನ ಪಂದ್ಯ ಬೆಂಗಳೂರಿನ ಕಂಠೀರವದಲ್ಲಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋದೆ. ಹತ್ತನೆಯ ನಿಮಿಷದಲ್ಲಿ ಪಾಕಿಸ್ತಾನದ ಗೋಲ್‌ಕೀಪರ್ ಚೆಂಡನ್ನು ಹಿಡಿತಕ್ಕೆ ತರಲು ತಡವರಿಸಿದ. ಅಟ್ಟಿಸಿಕೊಂಡು ಬಂದಿದ್ದ ಸುನಿಲ್ ಚೆಟ್ರಿ ಅದನ್ನು ಕಸಿದು ಗೋಲಿಗೆ ತಳ್ಳಿದರು. ನಮ್ಮ ಸುತ್ತಲಿನವರು ಕುಣಿಯುತ್ತಿದ್ದರೆ ಹುಡುಗ ಮಾತ್ರ, ‘ಮಾವ, ಗೋಲ್‌ಕೀಪರ್ ತಪ್ಪುತ್ತಾನೆ ಎಂದು ಮೊದಲೇ ಗೊತ್ತಿದ್ದವರ ಹಾಗೆ ಓಡಿದರು’ ಎಂದ. ಮಳೆ ಸುರಿಯಿತು, ಚೆಟ್ರಿ ಮತ್ತೆರಡು ಪೆನಾಲ್ಟಿ ಹೊಡೆದು ಹ್ಯಾಟ್ರಿಕ್ ಮಾಡಿದರು, ಉದಾಂತ ಸಿಂಗ್ ನಾಲ್ಕನೆಯದನ್ನು ಸೇರಿಸಿದರು. ಚೆಟ್ರಿಗೆ ಆಗ 38 ವರ್ಷ. ಅವರು ಭಾರತಕ್ಕೆ ಮೊದಲ ಬಾರಿ ಆಡಿದ್ದು 2005ರ ಜೂನ್ 12ರಂದು, ಕ್ವೆಟ್ಟಾದಲ್ಲಿ, ಇದೇ ಪಾಕಿಸ್ತಾನದ ವಿರುದ್ಧ. ಆ ದಿನವೂ ಗೋಲು ಹೊಡೆದಿದ್ದರು. ನಮ್ಮವನಿಗೆ ಆಗ ಮೂರೂವರೆ ತಿಂಗಳು. ನಮ್ಮವನು ಹುಟ್ಟಿ, ತೆವಳಿ, ಶಾಲೆ ಮುಗಿಸಿ, ಎರಡು ಕೋರ್ಟುಗಳನ್ನು ಕಂಡು ಬರುವಷ್ಟು ಕಾಲ ಆ ಮನುಷ್ಯ ಒಂದೇ ಬಣ್ಣದ ಜೆರ್ಸಿಯಲ್ಲಿ ಓಡುತ್ತಲೇ ಇದ್ದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದವರು, ಮತ್ತೆ ಕರೆ ಬಂದಾಗ 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಇಳಿದು ಇನ್ನೊಂದು ಗೋಲು ಹೊಡೆದರು, ನಲವತ್ತು ದಾಟಿದ ಮೇಲೆ. ಹಿರಿಯರ ತಂಡದಲ್ಲಿ ಯಾರೂ ಮಣಿಕಟ್ಟು ನೋಡುವುದಿಲ್ಲ.

ಗೆರೆ 2005ರ ಜನವರಿ 1 ಆಗಿದ್ದ ಆ ಇಪ್ಪತ್ತರೊಳಗಿನವರ ತಂಡ 2024ರ ಸೆಪ್ಟೆಂಬರ್‌ನಲ್ಲಿ ಅರ್ಹತಾ ಪಂದ್ಯಗಳಿಗಾಗಿ ಲಾವೋಸ್‌ಗೆ ಹೋಯಿತು. ಮಂಗೋಲಿಯಾವನ್ನೂ ಲಾವೋಸನ್ನೂ ಸೋಲಿಸಿ, ಇರಾನ್‌ಗೆ ಒಂದು ಗೋಲಿನಿಂದ ಸೋತು, ಏಷ್ಯಾ ಕಪ್ ತಲುಪದೆ ಮರಳಿತು. ಆಟಗಾರರ ಪಟ್ಟಿ ಮೊಬೈಲಿಗೆ ಬಂದಾಗ ನಾವು ಅಕ್ಕನ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆವು. ಹುಡುಗ ಮೇಲಿನಿಂದ ಕೆಳಗೆ ಒಮ್ಮೆ ಓದಿ, ಡಿಫೆಂಡರುಗಳ ಸಾಲಿಗೆ ಮರಳಿ, ಇನ್ನೊಮ್ಮೆ ಓದಿದ. ಅವನ ಹೆಸರಿರಲಿಲ್ಲ. ‘ಮತ್ತೆ ಕಾಗದದ್ದೇನಾದರೂ ತಕರಾರೇ?’ ಎಂದು ಭಾವ ನನ್ನನ್ನು ಕೇಳಿದರು. ಉತ್ತರ ಕೊಟ್ಟವನು ಹುಡುಗನೇ: ‘ಇಲ್ಲಪ್ಪ, ಕಾಗದ ಸರಿಯಾಗಿದೆ. ಅವರು ನನಗಿಂತ ಚೆನ್ನಾಗಿ ಆಡುತ್ತಾರೆ.’ ಅವನಿಗೆ ಬೇಸರವಾಗಿತ್ತು, ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟ. ನನಗೆ ಆದದ್ದು ಬೇಸರ ಮಾತ್ರವಲ್ಲ. ಅವನನ್ನು ಹೊರಗಿಟ್ಟದ್ದು ಆಟ, ಜೂನ್ ಒಂದಲ್ಲ. ಇಷ್ಟು ಓಡಾಡಿ ನಾನು ಅವನಿಗೆ ಕೊಡಿಸಿದ್ದು ಆಟದಲ್ಲಿ ಸೋಲುವ ಹಕ್ಕು ಎಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಹಾಗಾಗಿ ಮನೆಯಲ್ಲಿ ಹೇಳಲಿಲ್ಲ.

ಈಗ ಅವನು ಬೆಂಗಳೂರಿನ ಡಿವಿಷನ್ ಲೀಗ್‌ನಲ್ಲಿ ಆಡುತ್ತಾನೆ, ಕ್ರೀಡಾ ಕೋಟಾದ ಕೆಲಸಗಳಿಗೆ ಅರ್ಜಿ ಹಾಕುತ್ತಿರುತ್ತಾನೆ. ಅಪ್ರಾಪ್ತನಾಗಿದ್ದಾಗ ಮಾಡಿಸಿದ್ದ ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ಹೊಸದಕ್ಕೆ ಅರ್ಜಿ ಹಾಕಲು ಹೇಳಿದೆ. ಏಕೆ ಮಾವ, ಇನ್ನು ಎಲ್ಲಿಗೆ ಎಂದ. ಈ ಬಾರಿಯದು ಹತ್ತು ವರ್ಷದ್ದು, ಮುಗಿಯುವ ಹೊತ್ತಿಗೂ ನಿನಗೆ ಚೆಟ್ರಿಯಷ್ಟು ವಯಸ್ಸಾಗಿರುವುದಿಲ್ಲ, ಹಾಕು ಎಂದೆ. ಹಾಕಿದ್ದಾನೆ, ಪೊಲೀಸ್ ಪರಿಶೀಲನೆ ಬಾಕಿ ಇದೆ.